ಚಿಕಿತ್ಸಾ ಕೇಂದ್ರದ ತೊಟ್ಟಿಲು

ನಾನು ಕಲಘಟಗಿಯ ತೊಟ್ಟಿಲು. ಮೌನೇಶಪ್ಪ ಬಡಿಗೇರ ನನ್ನನ್ನು ಸಾಗವಾನಿ ಮರದಲ್ಲಿ ಕಡೆದು, ಅರಗಿನ ಬಣ್ಣ ಹಚ್ಚಿ, ಗಿಳಿಗಳನ್ನು ಬರೆದ. ಹುಬ್ಬಳ್ಳಿಯ ಒಂದು ಮನೆಯಲ್ಲಿ ಮೂರು ಕೂಸುಗಳನ್ನು ತೂಗಿದೆ. ಆಮೇಲೆ ಹದಿಮೂರು ವರ್ಷ ಅಟ್ಟದ ಮೇಲೆ ಧೂಳು ತಿಂದೆ.

ಆ ಮನೆಯ ಸೊಸೆ ವಿಮಲಾ, ಕುಡಿತ ಬಿಡಿಸುವ ಕೇಂದ್ರದಲ್ಲಿ ನರ್ಸ್. ಅಲ್ಲಿಗೆ ರೇಣವ್ವ ಎಂಬ ಗಾರೆ ಕೆಲಸದವಳು ತನ್ನ ಕುಡಿತ ಬಿಡಲು ಎರಡು ಸಲ ಬಂದು, ಎರಡು ಸಲವೂ ಅರ್ಧಕ್ಕೇ ಬಿಟ್ಟಿದ್ದಳು. "ಏಳು ತಿಂಗಳ ಕೂಸನ್ನ ಯಾರ ಕಡೆ ಬಿಟ್ಟು ಬರ್ಲಿ ಅಕ್ಕಾರ?" ಎಂದು ಅತ್ತಿದ್ದಳಂತೆ. ವಿಮಲಾ ಮರುದಿನವೇ ನನ್ನನ್ನು ಆಟೋದಲ್ಲಿ ಹೇರಿಕೊಂಡು ಹೋದಳು.

"ಇದೇನು ಹೆರಿಗೆ ಆಸ್ಪತ್ರೆ ಏನ್ರಿ?" ಎಂದ ಮ್ಯಾನೇಜರ್.

"ಕೂಸಿಗೆ ಜಾಗ ಇಲ್ಲಂದ್ರ ತಾಯಿಗೂ ಇಲ್ಲ ಅಂದಂಗ ಆತ್ರಿ," ಎಂದು ವಿಮಲಾ ನನ್ನನ್ನು ಜಗಲಿಯ ತೊಲೆಗೆ ತೂಗುಹಾಕಿಸಿದಳು.

ತೂಗಲು ಕುಳಿತವನು ಗುರುಪಾದಪ್ಪ, ಅಲ್ಲೇ ಚಿಕಿತ್ಸೆಗೆ ಬರುತ್ತಿದ್ದ ಲಾರಿ ಡ್ರೈವರ್. ಕೂಸು ಮಲಗುವ ತನಕ ಅವನು ತೂಗುವ ಹಗ್ಗ ಬಿಡುತ್ತಿರಲಿಲ್ಲ.

ಒಂಬತ್ತನೆಯ ದಿನ ರೇಣವ್ವ ಬೆವರುತ್ತ ಹೊರಗೆ ಬಂದಳು. "ನನ್ನ ಕೈಲೆ ಆಗೂದಿಲ್ಲ, ಮನಿಗೆ ಹೊಕ್ಕೀನಿ," ಎಂದು ಕೂಸಿಗೆ ಕೈ ಚಾಚಿದಳು.

"ಈಗಷ್ಟ ಮಲಗೇತಿ ತಂಗಿ. ಎದ್ದ ಮ್ಯಾಲ ಹೋಗು," ಎಂದ ಗುರುಪಾದಪ್ಪ.

ಅವಳು ನನ್ನ ಅಂಚನ್ನು ಹಿಡಿದು ಕುಕ್ಕರಿಸಿದಳು. ಉಗುರು ನನ್ನ ಬಣ್ಣದೊಳಗೆ ಇಳಿಯಿತು. ಕೂಸು ಎರಡು ತಾಸು ಮಲಗಿತು. ಎದ್ದಾಗ ರೇಣವ್ವ ಹೋಗುವ ಮಾತೆತ್ತಲಿಲ್ಲ, ಚಹಾ ಕೇಳಿದಳು.

ಚಿಕಿತ್ಸೆ ಮುಗಿಸಿ ಹೋದವಳು ಹತ್ತು ತಿಂಗಳ ಮೇಲೆ ಮತ್ತೆ ಕುಡಿದಳು. ಮೂರೇ ದಿನ. ನಾಲ್ಕನೆಯ ದಿನ ಯಾರೂ ಕರೆಯದೆ ತಾನೇ ಬಂದಳು. ಕೂಸು ಬೆಳೆದಿತ್ತು, ಕಾಲು ನನ್ನಿಂದ ಹೊರಗೆ ಬರುತ್ತಿತ್ತು. ಅವಳು ಅದರ ಕಾಲು ಮಡಿಸಿ ಮಲಗಿಸಿ, "ಇನ್ನಷ್ಟು ದಿನ ಹಿಡಿಸ್ಕೊ ನಮ್ಮವ್ವ," ಎಂದು ನನಗೇ ಹೇಳಿ ಒಳಗೆ ನಡೆದಳು. ಈಗ ಆರು ವರ್ಷವಾಯಿತು, ಹೆಂಡ ಮತ್ತೆ ಮುಟ್ಟಿಲ್ಲ.

ನನ್ನ ಗಿಳಿಗಳು ಅಳಿಸಿಹೋಗಿವೆ. ಒಂದು ಸರಪಳಿ ಹರಿದು, ಅಲ್ಲಿ ನೂಲಿನ ಹಗ್ಗ ಬಂದಿದೆ. ಇಲ್ಲಿ ಇದುವರೆಗೆ ಹನ್ನೊಂದು ಕೂಸು ತೂಗಿದ್ದೇನೆ. ಹೊರಗೆ ಅಳು ಕೇಳದಿದ್ದರೆ ಒಳಗಿನ ತಾಯಿ ಚಿಕಿತ್ಸೆ ಬಿಟ್ಟು ಎದ್ದು ಬರುವುದಿಲ್ಲ. ನನಗೆ ಗೊತ್ತಿರುವ ಕೆಲಸ ತೂಗುವುದೊಂದೇ. ಮುರಿಯುವ ತನಕ ಮಾಡುತ್ತೇನೆ.