ರತ್ನದೀಪದ ಗುಂಡುಕಲ್ಲು

ಸುಗಂಧಿ ಅತ್ತೆಯ ಹಿತ್ತಿಲಲ್ಲಿ ಗುಂಡಿಲ್ಲದ ಅರೆಯುವ ಕಲ್ಲೊಂದಿತ್ತು. ಕಪ್ಪು ಕಲ್ಲಿನ ಮೈಗೆ ಓರೆಯಾಗಿ ಒಂದು ಬಿಳಿ ಗೆರೆ. ನಡುವಿನ ತಗ್ಗಿನಲ್ಲಿ ನಿಂತ ನೀರನ್ನು ಗುಬ್ಬಿಗಳು ಬಂದು ಕುಡಿಯುತ್ತಿದ್ದವು. ಮಸಾಲೆ ಅರೆಯಬೇಕಾದಾಗ ಅತ್ತೆ ಕಾಯಿತುರಿಯ ತಟ್ಟೆ ಹಿಡಿದು ನಮ್ಮ ಮನೆಗೆ ಬರುತ್ತಿದ್ದಳು. "ಒಂದು ಗುಂಡು ಮಾಡಿಸಬಾರದಾ ಮಾರಾಯ್ತಿ?" ಎಂದು ಅಮ್ಮ ಕೇಳಿದರೆ, "ಒಯ್ದವರು ತರ್ತಾರೆ ಅತ್ತಿಗೆ" ಎನ್ನುತ್ತಿದ್ದಳು.

ಒಯ್ದವರು ಅವಳ ಗಂಡ, ಶೀನ ಮಾವ. ನಮ್ಮೂರಿನಿಂದ ಹಡಗಿನ ಅಡುಗೆಗೆ ಹೋಗುವವರಲ್ಲಿ ಒಂದು ರೂಢಿಯಿತ್ತು: ಗುಂಡನ್ನು ಜೊತೆಗೆ ಒಯ್ದು ಹಡಗಿನ ಕಲ್ಲಿನಲ್ಲಿ ಅರೆಯಬೇಕು, ಮನೆಯ ಕಲ್ಲನ್ನು ಮನೆಯಲ್ಲೇ ಬಿಡಬೇಕು. ಆಗ ಹೋದವನು ಮರಳಲೇಬೇಕಾಗುತ್ತದೆ ಎಂಬುದು ಹೆಂಗಸರ ಲೆಕ್ಕಾಚಾರ.

ಹಡಗಿನ ಹೆಸರು ರತ್ನದೀಪ. ಮಾವ ಮೊದಲ ರಜೆಯಲ್ಲಿ ಬಂದಾಗ ಅದರ ಕತೆಯನ್ನು ತಮ್ಮ ಹೆಂಡತಿಯ ತವರಿನ ಕತೆಯಂತೆ ರಸವತ್ತಾಗಿ ಹೇಳಿದ್ದರು. ಯುದ್ಧದ ಗಡಿಬಿಡಿಯಲ್ಲಿ, ರಿವೆಟ್ಟು ಹೊಡೆಯಲೂ ಪುರುಸೊತ್ತಿಲ್ಲದೆ, ತಗಡಿಗೆ ತಗಡು ಬೆಸೆದು ಕಟ್ಟಿದ ಹಡಗಂತೆ. ಗೋಧಿ, ಗುಂಡುಮದ್ದು ಹೊತ್ತು ಒಮ್ಮೆ ದಡ ಮುಟ್ಟಿದರೆ ಸಾಕು, ಆಮೇಲೆ ಮುಳುಗಿದರೂ ನಷ್ಟವಿಲ್ಲ ಎಂದೇ ಕಟ್ಟಿದ್ದಂತೆ. ಯುದ್ಧ ಮುಗಿಯಿತು, ಹಡಗು ಮುಗಿಯಲಿಲ್ಲ. ಗುಜರಿ ಬೆಲೆಗೆ ಮಾರಾಟವಾಗಿ, ರತ್ನದೀಪ ಎಂಬ ಹೊಸ ಹೆಸರು ಹಚ್ಚಿಕೊಂಡು ಸಕ್ಕರೆ, ಸಿಮೆಂಟು ಹೊರತೊಡಗಿತು. "ಯಾರಿಗೂ ಬೇಡದ್ದೇ ಗಟ್ಟಿ ಬಾಳುವುದು" ಎಂದು ಮಾವ ನಕ್ಕಿದ್ದರು.

ಎರಡನೆಯ ಸಲ ಹೋದವರು ಬರಲಿಲ್ಲ. ಮಾವನಿಗೆ ಓದುಬರಹ ಗೊತ್ತಿರಲಿಲ್ಲ. ಊರಿಗೆ ಬರುವವರ ಬಾಯಲ್ಲಿ ಸುದ್ದಿ ಕಳಿಸುತ್ತಿದ್ದರು. ಅದೂ ನಿಂತಿತು. ಅತ್ತೆ ಹಡಗು ನಿಲ್ಲುವ ಧಕ್ಕೆಗೆ ಹೋಗಿ, ಇಳಿದು ಬಂದ ಒಬ್ಬೊಬ್ಬ ನಾವಿಕನನ್ನೂ ಕೇಳಿದಳು: "ರತ್ನದೀಪವನ್ನು ಎಲ್ಲಾದರೂ ಕಂಡಿದ್ದೀರಾ?" ಅಂಥ ಹಡಗು ಯಾವ ಬಂದರಿನಲ್ಲೂ ಇಲ್ಲವೆಂದರು. ಮುಳುಗಿರಬೇಕು, ಬಳೆ ತೆಗೆ ಎಂದರು ಕೆಲವರು. ಯಾವುದೋ ಬಂದರಿನಲ್ಲಿ ಇನ್ನೊಂದು ಸಂಸಾರ ಹೂಡಿರಬೇಕು ಎಂದರು ಉಳಿದವರು. ಮೊದಲನೆಯದಕ್ಕೆ ಅತ್ತೆ ಜಗಳವಾಡುತ್ತಿದ್ದಳು. ಎರಡನೆಯದು ಕೇಳಿದರೆ ಎದ್ದು ಮನೆಯ ದಾರಿ ಹಿಡಿಯುತ್ತಿದ್ದಳು. ತನ್ನನ್ನು ಬಿಟ್ಟುಹೋದರೋ ಎಂಬ ಆ ಒಂದು ಮಾತು ಅವಳನ್ನು ಒಳಗೇ ತಿನ್ನುತ್ತಿತ್ತು.

ವರುಷಗಳು ಕಳೆದವು. ನಾನು ಬಂದರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲಕ್ಕೆ, ತುಕ್ಕು ಹಿಡಿದ ಸರಕು ಹಡಗೊಂದನ್ನು ಒಡೆಯಲೆಂದು ನಮ್ಮ ಕಡಲತೀರಕ್ಕೆ ಎಳೆದು ತಂದರು. ಮೂತಿಯ ಮೇಲೆ ಕಾರ್ಮೆಲಾ ಎಂದು ಬರೆದಿತ್ತು. ಹಡಗು ಒಡೆದರೆ ನಮ್ಮೂರಿಗೆ ಸಂತೆ. ಬಾಗಿಲು, ಮಂಚ, ಬೋಗುಣಿಗಳೆಲ್ಲ ಮರಳಿನ ಮೇಲೆ ಹರಡಿದ್ದವು. ನನಗೊಂದು ಬಾಗಿಲು ಬೇಕಿತ್ತು. ಅತ್ತೆಯನ್ನೂ ಒತ್ತಾಯದಿಂದ ಕರೆದುಕೊಂಡು ಹೋದೆ.

ಪಾತ್ರೆಗಳ ರಾಶಿಯ ಎದುರು ಅತ್ತೆ ಥಟ್ಟನೆ ಕುಳಿತುಬಿಟ್ಟಳು. ಬಾಣಲೆಗಳ ನಡುವೆ ಒಂದು ಗುಂಡುಕಲ್ಲು ಬಿದ್ದಿತ್ತು. ಸವೆದು ಸವೆದು ತೆಳ್ಳಗಾಗಿತ್ತು. ಕಪ್ಪು ಮೈ, ಓರೆಯಾದ ಬಿಳಿ ಗೆರೆ.

"ಇದು ಯಾರದ್ದು?" ಎಂದಳು.

ಸಾಮಾನು ಕಾಯುತ್ತಿದ್ದವನು ಆ ಹಡಗಿನ ಕೊನೆಯ ಅಡುಗೆಯವನು, ಹಮ್ಮಬ್ಬ ಎಂಬ ಮುದುಕ. "ನನ್ನದಲ್ಲ ಅಕ್ಕಾ. ನನಗಿಂತ ಮೊದಲು ಇದ್ದವರದ್ದು. ಜ್ವರ ಜೋರಾಗಿ, ನಮ್ಮ ಕಡೆಯವರು ಅಪರೂಪಕ್ಕೆ ಮುಟ್ಟುವ ದೂರದ ಒಂದು ಬಂದರಿನಲ್ಲಿ ಆಸ್ಪತ್ರೆಗೆ ಇಳಿಸಿದ್ರು. ಅಲ್ಲೇ ನಾನು ಹತ್ತಿದ್ದು. 'ಬರುವ ಟ್ರಿಪ್ಪಿಗೆ ನಾನು ಇಲ್ಲೇ ಧಕ್ಕೆಯಲ್ಲಿ ನಿಂತಿರ್ತೇನೆ, ಗುಂಡು ಬಿಸಾಡ್ಬೇಡ, ಅದು ಮನೆಯದ್ದು' ಅಂದಿದ್ರು."

"ಮತ್ತೆ?"

"ಮತ್ತೆಂತ ಅಕ್ಕಾ. ನಡುದಾರಿಯಲ್ಲೇ ಕಂಪೆನಿಯವರು ಹಡಗು ಮಾರಿದ್ರು. ಹೊಸ ಧಣಿ ಹೆಸರೂ ತೆಗೆದ, ದಾರಿಯೂ ತಪ್ಪಿಸಿದ. ಆ ಬಂದರಿಗೆ ನಾವು ತಿರುಗಿ ಹೋಗ್ಲೇ ಇಲ್ಲ."

ನಾನು ತಲೆಯೆತ್ತಿ ನೋಡಿದೆ. ಕೆಲಸದವರು ಮೂತಿಯ ಬಣ್ಣ ಕೆರೆದ ಕಡೆ, ಕಾರ್ಮೆಲಾದ ಅಡಿಯಿಂದ ಹಳೆಯ ಅಕ್ಷರಗಳು ಎದ್ದಿದ್ದವು. ರತ್ನದೀಪ ಎಂದು ಓದಿ ಹೇಳಿದೆ.

ಅತ್ತೆ ಗುಂಡನ್ನು ಮಡಿಲಿಗೆ ಎಳೆದುಕೊಂಡಳು. "ಹೆಸರು ಬದಲಾದದ್ದು ಅವರಿಗೆ ಯಾರಾದರೂ ಹೇಳಿದ್ರಾ?"

"ಯಾರು ಹೇಳುವುದು ಅಕ್ಕಾ."

ಅವಳು ಅತ್ತಳು. ಅಷ್ಟು ವರುಷಗಳಲ್ಲಿ ನಾನು ನೋಡಿದ್ದು ಅದೊಂದೇ ಸಲ. "ಬಿಟ್ಟುಹೋದದ್ದಲ್ಲ" ಎಂದಳು. "ನಾನಿಲ್ಲಿ ರತ್ನದೀಪ ರತ್ನದೀಪ ಅಂತ ಕೇಳ್ತಾ ಇದ್ದೆ. ಅವರೂ ಅಲ್ಲಿ ಬಂದವರನ್ನೆಲ್ಲ ಅದನ್ನೇ ಕೇಳ್ತಾ ನಿಂತಿರ್ಬೇಕು." ಗುಂಡಿಗೆಂದು ನಾನು ಕೊಡಹೋದ ದುಡ್ಡನ್ನು ಹಮ್ಮಬ್ಬ ಮುಟ್ಟಲಿಲ್ಲ. ನಾನು ಬಾಗಿಲು ಕೊಳ್ಳುವುದನ್ನು ಮರೆತೇ ಬಂದೆ.

ಮರುದಿನ ಬೆಳಿಗ್ಗೆ ಅತ್ತೆ ನಮ್ಮ ಮನೆಗೆ ಬರಲಿಲ್ಲ. ಏನಾಯಿತೋ ಎಂದು ಹಿತ್ತಿಲಿಗೆ ಹೋದೆ. ಕಲ್ಲನ್ನು ತೊಳೆದು, ಕಾಯಿತುರಿ, ಮೆಣಸು ಹಾಕಿ ಅರೆಯುತ್ತಿದ್ದಳು. ತೆಳ್ಳಗಾದ ಗುಂಡು ಹಗುರವಾಗಿ ಉರುಳುತ್ತಿತ್ತು. ಒಬ್ಬಳಿಗಲ್ಲ, ಇಬ್ಬರಿಗಾಗುವಷ್ಟು ಮಸಾಲೆಯಿತ್ತು. ನೀರು ಕುಡಿಯಲು ಬಂದ ಗುಬ್ಬಿಗಳು ಗೋಡೆಯ ಮೇಲೆ ಸಾಲಾಗಿ ಕುಳಿತು ಕಾಯುತ್ತಿದ್ದವು.