ಸೊಲ್ಲು ಹಿಡಿದವಳು

ಹಳ್ಳಿಮೈಸೂರಿನ ಸುತ್ತಿನ ಊರುಗಳಲ್ಲಿ ಯಾರ ಮನೆಯ ಮದುವೆಯಾದರೂ ಹೊನ್ನಕ್ಕ ಬಂದು ಕೂತ ಮೇಲೆಯೇ ಸೋಬಾನೆ ಶುರು. ಅವಳು ಒಂದು ಸೊಲ್ಲು ಎತ್ತಿಕೊಟ್ಟರೆ ಉಳಿದ ಹೆಂಗಸರು ಅದನ್ನೇ ಹಿಡಿದು ತಿರುಗಿ ಹೇಳಬೇಕು. ಊರಿಗೆ ಕರೆಂಟು ಬಂದ ವರ್ಷ ಮಾಗಿಯಲ್ಲಿ ಅವಳಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಗಂಟಲು ಮಾತ್ರ ಮರಳಲಿಲ್ಲ. ಹೊಳೆನರಸೀಪುರದ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಮಾತಾಡೋಕೆ ಇಷ್ಟು ಸಾಕಲ್ಲಮ್ಮ" ಅಂದರು.

ಅಂದಿನಿಂದ ಹೊನ್ನಕ್ಕ ಮದುವೆಮನೆಗಳ ಕಡೆ ತಲೆ ಹಾಕಲಿಲ್ಲ. ಗದ್ದೆಗೆ ಹೋಗುವಳು, ಮುದ್ದೆ ತೊಳಸುವಳು, ಒಲೆಯ ಮುಂದೆ ಕೂತು, "ದ್ಯಾವ್ರಿಗೆ ನನ್ ಗಂಟ್ಲೇ ಕಾಣ್ಬೇಕಿತ್ತಾ" ಎಂದು ಸೆರಗಿನಲ್ಲಿ ಕಣ್ಣೊರೆಸುವಳು. ಗಂಡ ಲಕ್ಕಯ್ಯ ಸಮಾಧಾನ ಹೇಳಿ ಹೇಳಿ ಸೋತ.

ಆದರೆ ಈ ಸಲ ಬಂದದ್ದು ಓರಗಿತ್ತಿ ಪಾರ್ವತಮ್ಮನ ಮಗಳ ಮದುವೆ. ತಪ್ಪಿಸಿಕೊಳ್ಳುವಂತಿರಲಿಲ್ಲ. ಹೋದವಳು ನೇರವಾಗಿ ಅಡಿಗೆಯ ಚಪ್ಪರ ಸೇರಿ ಕುಂಬಳಕಾಯಿ ಹೆಚ್ಚಲು ಕೂತಳು.

ಒಳಗೆ ಮದುವಣಗಿತ್ತಿಗೆ ಅರಿಶಿನ ಹಚ್ಚುವ ಹೊತ್ತು. ಬಾಗೂರಿನಿಂದ ಈ ಊರಿಗೆ ಹೊಸದಾಗಿ ಸೊಸೆಯಾಗಿ ಬಂದ ಲಕ್ಷ್ಮಿದೇವಮ್ಮ ಅಂಜುತ್ತಲೇ ಒಂದು ಸೊಲ್ಲು ಎತ್ತಿದಳು. ಒಳ್ಳೆಯ ಕಂಠ. ಆದರೆ ಯಾರೂ ಹಿಡಿಯಲಿಲ್ಲ. ಹೊನ್ನಕ್ಕ ಹೊರಗೆ ಚಪ್ಪರದಲ್ಲೇ ಕೂತಿರುವಾಗ ಇನ್ನೊಬ್ಬಳ ಹಿಂದೆ ಹಾಡಿದರೆ ಅವಳ ಹೊಟ್ಟೆ ಉರಿಸಿದಂತೆ ಅಂತ ಎಲ್ಲರೂ ತುಟಿ ಬಿಗಿಹಿಡಿದಿದ್ದರು. ಹುಡುಗಿ ಮತ್ತೆ ಎತ್ತಿದಳು. ಮತ್ತೆ ಮೌನ.

ಪಾರ್ವತಮ್ಮ ಅರಿಶಿನದ ಕೈಯಲ್ಲೇ ಹೊರಗೆ ಬಂದಳು. "ಅಕ್ಕಾ, ನಿನ್ ಸಂಕಟ ಯಾರಿಗ್ ಗೊತ್ತಿಲ್ಲ? ಆದ್ರೆ ನೀನಿಂಗೆ ಮೂಲೇಲಿ ಕುಂತ್ರೆ ಅವ್ರ್ಯಾರೂ ಬಾಯ್ ಬುಡಾಕಿಲ್ಲ. ನನ್ ಮಗ್ಳು ಮೂಗೀರ್ ಮನೇಲಿ ಮದ್ವೆ ಆದಂಗಾಯ್ತದೆ!"

ಹೊನ್ನಕ್ಕನಿಗೆ ಸಿಟ್ಟು ಬಂತು. ಮರುಗಳಿಗೆ ನಾಚಿಕೆಯಾಯಿತು. ಹೋದದ್ದು ತನ್ನೊಬ್ಬಳ ಗಂಟಲು. ಕಟ್ಟಿಹಾಕಿದ್ದು ಮನೆ ತುಂಬಿದ ಹೆಂಗಸರದ್ದು. ಈಳಿಗೆ ಮಡಚಿ ಎದ್ದಳು.

ಅವಳು ಬಂದದ್ದು ಕಂಡು ಲಕ್ಷ್ಮಿದೇವಮ್ಮ ಜಾಗ ಬಿಟ್ಟು ಸರಿದಳು. "ಬಾ ದೊಡ್ಡವ್ವ."

"ಅಲ್ಲೇ ಕುಂತ್ಕೊ ಕಣವ್ವ. ನನ್ ಗಂಟ್ಲು ಓಯ್ತು, ಇನ್ ಬರಾಕಿಲ್ಲ." ಇಷ್ಟು ದಿನ ಅಳುತ್ತ ಹೇಳಿದ ಮಾತು ಈಗ ಒಣಕಣ್ಣಿನಲ್ಲೇ ಬಂತು. "ನೀನ್ ಎತ್ತು, ನಾನ್ ಇಡೀತೀನಿ."

ಹಿಂದಿನ ಸಾಲಿನಲ್ಲಿ ಹೆಂಗಸರ ನಡುವೆ ಒತ್ತಿಕೊಂಡು ಕೂತಳು. ಲಕ್ಷ್ಮಿದೇವಮ್ಮ ಎತ್ತಿದಳು. ಹೊನ್ನಕ್ಕನ ಒಡಕು ದನಿ ಎಲ್ಲರಿಗಿಂತ ಮೊದಲು ಹಿಡಿಯಿತು.

"ಕಪ್ಪೆ ವಟಗುಟ್ಟಿದಂಗೈತಲ್ಲೇ ಒನ್ನಿ!" ಎಂದಳು ಪಕ್ಕದ ಮುದುಕಿ.

"ಕಪ್ಪೆ ಕೂಗಿದ್ರೇನೇ ಮಳೆ, ಬಾಯ್ ಬುಡಮ್ಮಿ ನೀನೂ!"

ಮನೆಯೆಲ್ಲ ನಕ್ಕಿತು. ನಗುವಿನ ಹಿಂದೆಯೇ ಸೊಲ್ಲು ಎಲ್ಲರ ಬಾಯಿಗೂ ಬಂತು. ಹೊನ್ನಕ್ಕ ಅವರೊಳಗೆ ಒಬ್ಬಳಾಗಿ ಹಾಡುತ್ತ, ಲಕ್ಷ್ಮಿದೇವಮ್ಮ ಮುಂದಿನ ಸೊಲ್ಲನ್ನು ಹೇಗೆ ಎತ್ತುತ್ತಾಳೋ ಎಂದು ಕಿವಿಗೊಟ್ಟಳು.