ಉಳಿದ ಮೂವತ್ತೊಂಬತ್ತು ತೋಟಾ

ಅಂಗಡಿಯ ಬಾಗಿಲು ಪೂರ್ತಿ ತೆರೆಯುವ ಮೊದಲೇ ಶೂಟಿಂಗ್ ಕ್ಲಬ್ಬಿನ ಕೋಚ್ ಒಳಗೆ ನುಗ್ಗಿ, ಅಕ್ಕನ ಕೆಲಸದ ಮೇಜಿನ ಮೇಲೆ ರೈಫಲ್ಲನ್ನು ದೊಪ್ಪನೆ ಹಾಕಿದ. ಕೋವಿ ರಿಪೇರಿಯವರ ಮೇಜಿನ ಮೇಲೆ ಯಾರೂ ಕೋವಿಯನ್ನು ಹಾಗೆ ಹಾಕುವುದಿಲ್ಲ. ಹಾಕಿದರೆ ಜಗಳಕ್ಕೆ ಕರೆದಂತೆ. ಅವನ ಬಲಗೆನ್ನೆಗೆ ಪಟ್ಟಿ ಅಂಟಿಸಿತ್ತು, ಹುಬ್ಬು ಸುಟ್ಟುಹೋಗಿತ್ತು.

"ಕನ್ನಡಕ ಹಾಕಿದ್ದೆ, ಕಣ್ಣು ಉಳೀತು. ಹೋದ ತಿಂಗಳು ಈ ಬೋಲ್ಟ್ ಕೂರಿಸಿದ್ದು ನೀವೇ ತಾನೇ?"

"ನಾನೇ," ಎಂದಳು ಅಕ್ಕ. "ಏನಾಗಿದೆ ಅಂತ ನೋಡೋಕೆ ಬಿಡಿ ಸರ್. ಬೈಯೋದು ಎಲ್ಲಿಗೂ ಓಡಿಹೋಗಲ್ಲ."

"ನೋಡಿ, ನೋಡಿ. ನಿಮ್ಮ ಲೈಸೆನ್ಸ್ ರದ್ದು ಮಾಡಿಸದೆ ನಾನಂತೂ ಬಿಡಲ್ಲ."

ತೋಟಾವನ್ನು ಹಿಂದಿನಿಂದ ಭದ್ರವಾಗಿ ಮುಚ್ಚುವ ಆ ಬೋಲ್ಟ್ ಅಲುಗಾಡಲಿಲ್ಲ. ಅಕ್ಕ ರೈಫಲ್ಲನ್ನು ಮೇಜಿಗೆ ಬಿಗಿದ ತಿರುಪಿನ ಹಿಡಿಕಟ್ಟಿಗೆ ಸಿಕ್ಕಿಸಿ, ಮರದ ಸುತ್ತಿಗೆಯಿಂದ ಸಣ್ಣಗೆ ಬಡಿದು ಬಡಿದು ಅದನ್ನು ಹಿಂದಕ್ಕೆಳೆದಳು. ಒಡೆದ ತೋಟಾದ ಹಿತ್ತಾಳೆ ಚಿಪ್ಪು ಅದರ ಜೊತೆಗೇ ಬಂತು. ಚಿಪ್ಪಿನ ತಳ ಬಿಸಿಲಿಗಿಟ್ಟ ಬೆಣ್ಣೆಯ ಹಾಗೆ ಹರಡಿ ಬೋಲ್ಟಿನ ಮುಖಕ್ಕೆ ಅಂಟಿಕೊಂಡಿತ್ತು. ಕಿಡಿ ಹೊತ್ತಿಸುವ ಕೇಪು ಇರಬೇಕಾದ ಕಡೆ ಬರೀ ತೂತಿತ್ತು. ಮರದ ಹಿಡಿ ಉದ್ದಕ್ಕೆ ಸೀಳಿತ್ತು. ಬೋಲ್ಟ್ ಸಡಿಲವಾಗಿದ್ದರೆ ಚಿಪ್ಪು ನಡುವೆ ಹರಿದು ಎರಡಾಗುತ್ತದೆ. ತಳ ಹೀಗೆ ಹರಡಬೇಕಾದರೆ ಒಳಗೆ ಮದ್ದು ಹೆಚ್ಚಾಗಿರಬೇಕು, ಅದೂ ಚೂರುಪಾರು ಹೆಚ್ಚಲ್ಲ.

"ತೋಟಾ ಯಾರದ್ದು?" ಎಂದು ಕೇಳಿದಳು, ಗೊತ್ತಿದ್ದೂ.

"ಇನ್ಯಾರದ್ದು? ನಿಮ್ಮ ತಂಗೀದೇ. ಹನ್ನೊಂದನೇದು ಹೀಗಾಯ್ತು. ಉಳಿದ ಮೂವತ್ತೊಂಬತ್ತು ಈ ಪೆಟ್ಟಿಗೆಯಲ್ಲಿವೆ. ಮಧ್ಯಾಹ್ನ ಮೂರಕ್ಕೆ ಕ್ಲಬ್ಬಿನವರು ಅಭ್ಯಾಸಕ್ಕೆ ಬರ್ತಾರೆ, ಇವು ಬೇಕು ನನಗೆ."

ಅಕ್ಕನಿಗೆ ಮೊದಲು ಆದದ್ದು ಸಂತೋಷ. ಸುಳ್ಳು ಹೇಳಿ ಏನು ಪ್ರಯೋಜನ? ಅಪ್ಪ ಸಾಯುವಾಗ ಮುಂಭಾಗದ ರಿಪೇರಿ ಅಂಗಡಿಯನ್ನು ಅಕ್ಕನಿಗೂ, ಹಿಂದಿನ ತೋಟಾ ತುಂಬುವ ಕೋಣೆಯನ್ನು ತಂಗಿಗೂ ಕೊಟ್ಟು, ನಡುವೆ ಒಂದು ಬಾಗಿಲು ಬಿಟ್ಟುಹೋಗಿದ್ದ. ಆ ಬಾಗಿಲು ಒಂಬತ್ತು ವರ್ಷದಲ್ಲಿ ಜಗಳಕ್ಕಲ್ಲದೆ ಬೇರೆ ಯಾವುದಕ್ಕೂ ತೆರೆದದ್ದಿಲ್ಲ. ಹಾವು ಮುಂಗುಸಿಯಾದರೂ ನಡುವೆ ಉಸಿರು ತೆಗೆದುಕೊಳ್ಳುತ್ತವೆ, ಈ ಇಬ್ಬರಿಗೆ ಅದೂ ಇಲ್ಲ. 'ಅಪ್ಪನ ಕೈಗುಣ ನನಗೇ ಬಂದದ್ದು' ಎಂದು ಊರೆಲ್ಲ ಹೇಳಿಕೊಂಡು ತಿರುಗುವವಳ ಕೈಗುಣ ಈಗ ಮೇಜಿನ ಮೇಲೆ ಬಿದ್ದಿತ್ತು.

ಆಮೇಲೆ ಅಕ್ಕ ಪೆಟ್ಟಿಗೆಯ ಚೀಟಿ ನೋಡಿದಳು. ತಂಗಿಯ ಕೈಬರಹದಲ್ಲಿ ತಾರೀಕಿತ್ತು. ಅದು ಬೋರ್ಡಿನ ಜಗಳದ ದಿನ. ಅಂಗಡಿಯ ಬೋರ್ಡಿನಲ್ಲಿ 'ರಿಪೇರಿ' ಮೇಲೆ ಬರಬೇಕೋ 'ತೋಟಾ' ಮೇಲೆ ಬರಬೇಕೋ ಎಂಬ ಜಗತ್ತನ್ನೇ ನಡುಗಿಸುವ ಪ್ರಶ್ನೆಗಾಗಿ ಅಕ್ಕನೇ ಆವತ್ತು ಬಾಗಿಲು ಒದ್ದುಕೊಂಡು ಒಳಗೆ ಹೋಗಿದ್ದಳು. ಮರದ ತಟ್ಟೆಯಲ್ಲಿ ಐವತ್ತು ಖಾಲಿ ಚಿಪ್ಪು, ಐದೈದರ ಹತ್ತು ಸಾಲು ನಿಂತಿದ್ದವು. ತಂಗಿ ಅಳತೆಯ ಚಮಚ ಹಿಡಿದು ಆಗಷ್ಟೇ ಮದ್ದು ಸುರಿಯಲು ಶುರುಮಾಡಿದ್ದಳು. ನಡುವೆ ಎದ್ದರೆ ಸುರಿದದ್ದನ್ನೆಲ್ಲ ಡಬ್ಬಿಗೆ ವಾಪಸು ಹಾಕಿ ಮೊದಲಿನಿಂದ ತುಂಬಬೇಕು ಎಂದು ಅಪ್ಪ ಇಬ್ಬರಿಗೂ ಕಿವಿ ಹಿಂಡಿ ಕಲಿಸಿದ್ದ. ಆವತ್ತು ಜಗಳ ಬೀದಿಗೆ ಬಂದು, ತಂಗಿ ಅತ್ತುಕೊಂಡು ಒಳಗೆ ಹೋಗಿದ್ದಳು. ಅಳುತ್ತಾ ಕೂತವಳು ವಾಪಸು ಸುರಿದಳೋ, ಹಾಗೇ ಮೊದಲ ಚಿಪ್ಪಿನಿಂದ ಮತ್ತೆ ಸುರಿದಳೋ? ಇವು ಅಭ್ಯಾಸದ ಹಗುರ ತೋಟಾ, ಮದ್ದು ಅರ್ಧ ಚಿಪ್ಪನ್ನೂ ತುಂಬುವುದಿಲ್ಲ. ಎರಡು ಸಲ ಸುರಿದರೂ ಚೆಲ್ಲದೆ ಕೂರುತ್ತದೆ. ಮೇಲೆ ಗುಂಡು ಕೂರಿಸಿಬಿಟ್ಟರೆ ಬ್ರಹ್ಮ ಬಂದರೂ ಗುರುತು ಸಿಗುವುದಿಲ್ಲ.

ಅಷ್ಟರಲ್ಲಿ ಕೋಚ್ ನಡುವಿನ ಬಾಗಿಲು ತಟ್ಟಿ ತಂಗಿಯನ್ನು ಕರೆದಾಗಿತ್ತು.

"ನನ್ನ ತೋಟಾನಾ?" ಎಂದಳು ತಂಗಿ, ಚಿಪ್ಪಿನ ಕಡೆ ನೋಡದೆಯೇ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಬೋಲ್ಟ್ ಕೂರಿಸೋಕೆ ಬರಲ್ಲ, ಮದ್ದಿನ ಮೇಲೆ ಹಾಕ್ತಾಳೆ."

"ಕಣ್ಣಿದ್ರೆ ತಳ ನೋಡೇ! ಆವತ್ತು ಮಧ್ಯದಲ್ಲಿ ಎದ್ದೆಯಲ್ಲ, ತಟ್ಟೆ ಖಾಲಿ ಮಾಡಿದೆಯಾ?"

"ಮಾಡಿದೆ."

"ನಿಜ ಹೇಳು."

"ಮಾಡಿದೆ ಅಂದೆನಲ್ಲ! ಎಷ್ಟು ಸಲ ಹೇಳ್ಬೇಕು ನಿನಗೆ?"

"ಹಾಗಾದ್ರೆ ಗುಂಡು ಕಿತ್ತು ಒಳಗೆ ನೋಡೋಣ, ಎಲ್ಲಾದನ್ನೂ."

"ನೀನು ಕೀಳೋದು, ನೀನೇ ತೂಗೋದು, ನೀನೇ ತೀರ್ಪು ಕೊಡೋದು. ಚೆನ್ನಾಗಿದೆ!" ತಂಗಿ ಕೋಚ್ ಕಡೆ ತಿರುಗಿದಳು. "ಸರ್, ಹಿತ್ತಲಲ್ಲಿ ಮರಳು ಗುಂಡಿ ಇದೆ. ಇದೇ ಪೆಟ್ಟಿಗೆಯಿಂದ ಯಾವುದಾದ್ರೂ ಒಂದನ್ನ ನೀವೇ ಆರಿಸಿ ಕೊಡಿ. ನಾನೇ ಹೊಡೀತೀನಿ. ಆಗ ನಂಬ್ತೀರಲ್ಲ?"

ಒಂದು ತೋಟಾ ಸರಿಯಿದ್ದರೆ ಮೂವತ್ತೊಂಬತ್ತೂ ಸರಿ ಎಂಬ ಲೆಕ್ಕ ಕೋಚ್‌ಗೆ ಬಹಳ ಹಿಡಿಸಿತು. ದಿನಾ ಕೋವಿ ಹಿಡಿಯುವ ಮನುಷ್ಯನಿಗೆ ಇಷ್ಟೂ ಬುದ್ಧಿ ಬೇಡವೇ?

"ಹೊಡೆಯೋದಾದ್ರೆ ಕೋವೀನ ಚೌಕಟ್ಟಿಗೆ ಬಿಗಿದು, ಟ್ರಿಗರಿಗೆ ಹಗ್ಗ ಕಟ್ಟಿ ದೂರದಿಂದ ಎಳಿ," ಎಂದಳು ಅಕ್ಕ.

"ಹಗ್ಗ ಎಳೆದ್ರೆ ನನ್ನ ಕೆಲಸದ ಮೇಲೆ ನನಗೇ ನಂಬಿಕೆ ಇಲ್ಲ ಅಂದ ಹಾಗೆ. ಭುಜಕ್ಕಿಟ್ಟೇ ಹೊಡೀತೀನಿ."

ಹಿತ್ತಲಲ್ಲಿ ಬಿಸಿಲು ಮರಳಿನ ಮೇಲೆ ಬಿದ್ದಿತ್ತು. ತಂಗಿ ಅಂಗಡಿಯ ಪರೀಕ್ಷೆಯ ರೈಫಲ್ ಎತ್ತಿಕೊಂಡಳು. ಕೋಚ್ ಪೆಟ್ಟಿಗೆಯಲ್ಲಿ ಬೆರಳಾಡಿಸಿ ಒಂದು ತೋಟಾ ಕೊಟ್ಟು, ತಾನು ಮಾತ್ರ ಗೋಡೆಯ ಹಿಂದಕ್ಕೆ ಸರಿದ. ಅಕ್ಕ ಬಾಗಿಲಲ್ಲೇ ನಿಂತಳು. ತಡೆಯಬೇಕು ಎಂದು ಗೊತ್ತಿತ್ತು. ಒಡೆಯಲಿ ಎಂದು ಮನಸ್ಸು ಹೇಳುತ್ತಿತ್ತು. ಒಂದೇ ಒಂದು ಸಲ ಒಡೆದುಬಿಟ್ಟರೆ ಒಂಬತ್ತು ವರ್ಷದ ವಾದ ಮುಗಿಯುತ್ತದೆ, ಲೈಸೆನ್ಸ್ ಉಳಿಯುತ್ತದೆ, ಯಾರ ಕೈಗುಣ ಎಂಥದ್ದೆಂದು ಊರಿಗೆ ಗೊತ್ತಾಗುತ್ತದೆ. ತಂಗಿ ತೋಟಾ ಒಳಗೆ ತಳ್ಳಿದಳು. ಬೋಲ್ಟ್ ಹಾಕಿದಳು. ಹಿಡಿಯನ್ನು ಭುಜಕ್ಕೊತ್ತಿ ಕೆನ್ನೆ ತಗ್ಗಿಸಿದಳು. ಕೋಚ್‌ನ ಮುಖದಲ್ಲಿ ಪಟ್ಟಿ ಎಲ್ಲಿತ್ತೋ, ಅದೇ ಕೆನ್ನೆ.

"ನಿಲ್ಲಿಸು!" ಎಂದು ಅಕ್ಕ ಕಿರುಚಿದಳು. "ಬೋಲ್ಟ್ ನಾನೇ ಸಡಿಲ ಕೂರಿಸಿದ್ದು. ತಪ್ಪು ನಂದು ಸರ್. ಅವಳ ತೋಟಾ ಸರಿಯಾಗಿದೆ."

ಬೇರೆ ಏನು ಹೇಳಿದರೂ ಅವಳು ನಿಲ್ಲಿಸುತ್ತಿರಲಿಲ್ಲ. ಕೈಯಿಂದ ಕಿತ್ತುಕೊಂಡರೆ ಇನ್ನೊಂದು ಕೋವಿ ಎತ್ತಿಕೊಳ್ಳುತ್ತಿದ್ದಳು. ಮೊಂಡುತನದಲ್ಲಿ ಇಬ್ಬರೂ ಒಂದೇ ಅಚ್ಚು, ಅದು ಅಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕೋಚ್ ಕಾಗದ ಕೇಳಿದ. ಅಕ್ಕ ಮೇಜಿನ ಬಳಿ ನಿಂತೇ ತಪ್ಪೊಪ್ಪಿಗೆ ಬರೆದು ಸಹಿ ಹಾಕಿದಳು. ಬಡಿಗೆ ಕೊಟ್ಟು ಹೊಡೆಸಿಕೊಳ್ಳುವುದು ಎಂದರೆ ಇದೇ. ಕ್ಲಬ್ಬಿಗೆ ಕಂಪನಿಯ ಹೊಸ ಪೆಟ್ಟಿಗೆಯನ್ನು ತಾನೇ ತೆತ್ತು ಕೊಡುವುದಾಗಿ ಹೇಳಿ, ಹಳೆಯ ಪೆಟ್ಟಿಗೆಯನ್ನು ಇಟ್ಟುಕೊಂಡಳು.

"ಇಪ್ಪತ್ತು ವರ್ಷದಿಂದ ಕೋವಿ ಬಿಚ್ಚಿ ಕಟ್ತಾ ಇದೀರಿ. ನಾಚಿಕೆ ಆಗಬೇಕು ನಿಮಗೆ," ಎಂದು ಹೇಳಿ ಕೋಚ್ ಹೋದ.

ತಂಗಿ ರೈಫಲ್ಲನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಅಕ್ಕ ಅದರಿಂದ ತೋಟಾ ತೆಗೆದು ಬೇರೆಯಾಗಿಟ್ಟಳು. ಉಳಿದ ಮೂವತ್ತೆಂಟನ್ನು ಒಂದೊಂದಾಗಿ ಇಕ್ಕಳದಲ್ಲಿ ಹಿಡಿದು, ಗುಂಡು ಕಿತ್ತು, ಮದ್ದನ್ನು ಕಾಗದದ ಮೇಲೆ ಸುರಿದು ತೂಗಿದಳು. ಎಲ್ಲ ಮುಗಿಯುವಾಗ ಮಧ್ಯಾಹ್ನದ ಮೂರು ದಾಟಿತ್ತು. ಮೂವತ್ತೈದು ಸರಿಯಾಗಿದ್ದವು. ಮೂರರಲ್ಲಿ ಸರಿಯಾಗಿ ಎರಡರಷ್ಟು ಮದ್ದಿತ್ತು.

ನಡುವಿನ ಬಾಗಿಲು ತೆರೆಯಿತು. ತಂಗಿ ಬಂದು ಕಾಗದಗಳನ್ನು ನೋಡುತ್ತಾ ನಿಂತಳು. ನೀನೇ ಮದ್ದು ಸೇರಿಸಿದೆ ಎನ್ನುತ್ತಾಳೆ ಎಂದು ಅಕ್ಕ ಉತ್ತರ ಸಿದ್ಧಮಾಡಿಕೊಂಡಳು.

"ಎಷ್ಟು ಸಿಕ್ತು?" ಎಂದಳು ತಂಗಿ.

"ಮೂರು."

"ಇನ್ನೊಂದಿದೆ. ಆವತ್ತು ನೀನು ಬಂದಾಗ ಒಂದು ಸಾಲು ಮುಗಿಸಿದ್ದೆ. ಐದು. ಒಂದು ಅವರ ಮುಖಕ್ಕೆ ಒಡೀತು."

ಅಕ್ಕನ ಕಣ್ಣು ಬೇರೆಯಾಗಿಟ್ಟಿದ್ದ ತೋಟಾದ ಮೇಲೆ ಹೋಯಿತು. ಬಿಚ್ಚದೆ ಉಳಿದಿದ್ದದ್ದು ಅದೊಂದೇ. ಕೋಚ್ ಆರಿಸಿ ಕೊಟ್ಟಿದ್ದದ್ದು. ಒಳಗೆ ಎಷ್ಟು ಮದ್ದಿದೆ ಎಂದು ತಿಳಿಯಲು ಅದನ್ನು ಬಿಚ್ಚಬೇಕಾಗಿರಲಿಲ್ಲ.

"ಗೊತ್ತಿತ್ತೇನೇ ನಿನಗೆ? ತಟ್ಟೆ ಖಾಲಿ ಮಾಡಿಲ್ಲ ಅಂತ?"

"ನೀನು ತಟ್ಟೆ ಅಂದ ಕೂಡಲೇ ನೆನಪಾಯ್ತು."

"ಗೊತ್ತಿದ್ದೂ ಅದನ್ನ ಭುಜಕ್ಕೆ ಇಟ್ಕೊಂಡೆಯಾ? ಹುಚ್ಚು ಹಿಡಿದಿದೆಯಾ ನಿನಗೆ? ಮುಖ ಹೋಗ್ತಿತ್ತಲ್ಲೇ, ಜೀವ ಹೋಗ್ತಿತ್ತಲ್ಲೇ!"

"ಹೋಗ್ತಿತ್ತೇನೋ. ನಿನ್ನ ಮುಂದೆ ತಪ್ಪಾಯ್ತು ಅನ್ನೋದಕ್ಕಿಂತ ಅದೇ ವಾಸಿ ಅನ್ನಿಸ್ತು."

ಅಕ್ಕನಿಗೆ ಅವಳ ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ಕೈ ಎತ್ತಿಯೂ ಎತ್ತಿದಳು. ತಂಗಿ ಹಿಂದೆ ಸರಿಯಲಿಲ್ಲ.

"ನನ್ನ ಹುಚ್ಚು ಇರಲಿ," ಎಂದಳು. "ನಿನಗೂ ಗೊತ್ತಿತ್ತು, ಬಾಗಿಲಲ್ಲೇ ನಿಂತಿದ್ದೆ. ನಾನು ತೋಟಾ ಹಾಕಿದೆ, ನೀನು ಸುಮ್ಮನಿದ್ದೆ. ಬೋಲ್ಟ್ ಹಾಕಿದೆ, ಆಗಲೂ ಸುಮ್ಮನಿದ್ದೆ. ಕೆನ್ನೆ ಇಡೋವರೆಗೂ ನೀನು ಬಾಯಿ ಬಿಡಲಿಲ್ಲ. ಯಾಕಕ್ಕ ಅಷ್ಟು ತಡ ಮಾಡಿದೆ?"

ಒಂಬತ್ತು ವರ್ಷದಲ್ಲಿ ಅವಳು ಅಕ್ಕ ಎಂದು ಕರೆದದ್ದು ಅದೇ ಮೊದಲು. ಅಕ್ಕ ಉತ್ತರ ಹೇಳಲು ಬಾಯಿ ತೆರೆದಳು. ತಂಗಿ ಕಾಯುತ್ತಾ ನಿಂತಿದ್ದಳು.